ಅಮೆರಿಕಾ ಭಾವ

ಹೆಗ್ಗೋಡಿನಿಂದ ತಾಳಗುಪ್ಪದವರೆಗೆ ಯಾವ ಕೇರಿಗೆ ಹೋದರೂ ಈಗ ಒಬ್ಬ ಅಮೆರಿಕಾ ಭಾವ ಸಿಗುತ್ತಾನೆ. ಇಪ್ಪತ್ತು ಇಪ್ಪತ್ತೈದು ವರ್ಷ ಅಲ್ಲಿದ್ದು, ಹೆಂಡತಿ, ಮಕ್ಕಳು ಮತ್ತು ಒಂದು ಕಂಟೇನರ್ ಸಾಮಾನಿನ ಸಮೇತ ಊರಿಗೆ ಮರಳಿದವನು. ಮೊಳಕಾಲಿನ ಚಡ್ಡಿ, ತಲೆಗೆ ಹಾಳೆಟೋಪಿ, ಕೈಯಲ್ಲಿ ಸ್ಟೀಲಿನ ನೀರಿನ ಬಾಟಲಿ. ದೂರದಿಂದಲೇ ಗುರುತು ಹತ್ತುತ್ತದೆ. ಓಸಿಐ ಕಾರ್ಡಿನವನಾದ್ದರಿಂದ ಅಪ್ಪನ ತೋಟ ಪಾಲಿಗೆ ಬಂದರೆ ಸರಿ, ಹೊಸದಾಗಿ ಒಂದು ಗುಂಟೆ ತೋಟವನ್ನೂ ಕೊಳ್ಳುವಂತಿಲ್ಲ. ವೋಟೂ ಇಲ್ಲ. ಆದರೆ ಗ್ರಾಮಸಭೆಯಲ್ಲಿ ಎಲ್ಲರಿಗಿಂತ ಹೆಚ್ಚು ಪ್ರಶ್ನೆ ಕೇಳುವವನು ಅವನೇ. ಉಳಿದವರಿಗೆ ಅವನು ಬಾಯಿಮಾತಿನ ಭಾವ. ನಮ್ಮ ಕೇರಿಯವನು ಮಾತ್ರ ನನ್ನ ಹೆಂಡತಿಯ ಸ್ವಂತ ಅಣ್ಣ. ಹಾಗಾಗಿ ಇದನ್ನು ಅವಳ ಕೈಗೆ ಸಿಗದ ಹಾಗೆ ಓದಿಕೊಳ್ಳಿ.

ನಾವೆಲ್ಲ ಮುಂಡಿಗೆ ಕಿತ್ತು, ತಾರಸಿ ಹಾಕಿಸಿ, ಕಾಲು ಜಾರುವ ಟೈಲ್ಸ್ ಮೇಲೆ ನಡೆಯಲು ಕಲಿತ ಹೊತ್ತಿಗೆ ಭಾವ ಬಂದು ತಾರಸಿಯ ಮೇಲೆ ಹಂಚು ಹೊದಿಸಿದ. ಜಗಲಿಯ ಗೋಡೆಗೆ ದೀವರ ಹೆಣ್ಣುಮಕ್ಕಳಿಂದ ಹಸೆ ಚಿತ್ತಾರ ಬರೆಸಿದ. ಹಳೇ ಸಾಮಾನಿನ ವ್ಯಾಪಾರಿಯಿಂದ ಕೆತ್ತನೆಯ ಮುಂಡಿಗೆಗಳನ್ನು ಕೊಂಡು ತಂದು ನಿಲ್ಲಿಸಿದ. ಅದರಲ್ಲೊಂದರ ಬುಡದಲ್ಲಿ ಮೊಳೆಯಿಂದ ಗೀಚಿದ ಹೆಸರು ನನ್ನದೇ, ಮೂರನೇ ಇಯತ್ತೆಯ ಅಕ್ಷರದಲ್ಲಿ. ನಾನು ಅದನ್ನು ಮಾರಿದ ದರ ಭಾವನಿಗೆ ಗೊತ್ತಿಲ್ಲ. ಅವನು ಕೊಂಡ ದರವನ್ನು ನನ್ನ ಹೆಂಡತಿಗೆ ಹೇಳುವ ಧೈರ್ಯ ನನಗಿಲ್ಲ.

ಇರಲಿ. ಗಡಿಯಾರದ ಸಂಗತಿಯೊಂದು ಮಾತ್ರ ನನ್ನ ಹೊಟ್ಟೆಯೊಳಗೇ ಕೂತಿದೆ, ಅಕ್ಷರಶಃ ಹೊಟ್ಟೆಯೊಳಗೆ. ಅಲ್ಲಿಯದು 120 ವೋಲ್ಟಿನ ಕರೆಂಟು, ಇಲ್ಲಿಯದು 230. ಕಂಟೇನರಿನಲ್ಲಿ ಬಂದ ಬ್ರೆಡ್ ಯಂತ್ರ, ಕಾಫಿ ಯಂತ್ರ, ಕೆಂಪು ಅಂಕಿಯ ಮೇಜಿನ ಗಡಿಯಾರ, ಎಲ್ಲಕ್ಕೂ ಸೇರಿ ಭಾವ ಅಕ್ಕಿ ಡಬ್ಬಿಯಷ್ಟು ದೊಡ್ಡ ಟ್ರಾನ್ಸ್‌ಫಾರ್ಮರ್ ತಂದಿಟ್ಟ. ಅದರ ಗುಂಯ್ ಶಬ್ದಕ್ಕೆ ಅತ್ತೆ ಮಾಡಿನಲ್ಲಿ ಜೇನು ಕಟ್ಟಿದೆಯೆಂದು ಎರಡು ದಿನ ಮೇಲೆ ನೋಡುತ್ತಿದ್ದರು. ಒಂದು ಭಾನುವಾರ ಕೇರಿಯವರಿಗೆಲ್ಲ ಊಟಕ್ಕೆ ಹೇಳಿಕೆಯಾಯಿತು, ಸರಿಯಾಗಿ ಒಂದು ಗಂಟೆಗೆ. ಬಾಗಿಲಲ್ಲೇ ಬುಟ್ಟಿ, ಊಟದ ದಿನ ಎಲ್ಲರ ಮೊಬೈಲೂ ಅದರೊಳಗೆ ಹೋಗಬೇಕು, ಮಾತಾಡಬೇಕು, ಅದು ಅವನ ನಿಯಮ. ನಾವು ಒಂದಕ್ಕೆ ಐದು ನಿಮಿಷವಿರುವಾಗ ಹೋದೆವು. ಭಾವ ಗಡಿಯಾರ ನೋಡಿದ. ಹನ್ನೆರಡೂ ಆಗಿರಲಿಲ್ಲ.

“ಇಷ್ಟು ಬೇಗ ಬಂದ್ಬಿಟ್ಯಲ ಭಾವ! ಒಂದು ಗಂಟೆ ಹೇಳಿದ್ದಿ ಅಲ್ದಾ? ಅಡ್ಡಿಲ್ಲೆ, ಕೂತ್ಗ.”

ಕೂತೆವು. ಒಳಗಿನಿಂದ ಅಪ್ಪೆಹುಳಿಯ ವಾಸನೆ. ಹೊರಗೆ ಭಾವನ ಉಪನ್ಯಾಸ: ಊರಿನವರಿಗೆ ಹೊತ್ತಿನ ಬೆಲೆ ಗೊತ್ತಿಲ್ಲ, ಬೇಗ ಬರುವುದೂ ತಡವಾಗಿ ಬರುವಷ್ಟೇ ತಪ್ಪು. ಕೇರಿಯ ಹಿರಿಯರೊಬ್ಬರು ಮಧ್ಯೆ ಎದ್ದು ಅಂಗಳದ ನೆರಳು ನೋಡಿ ಬಂದು ಏನೂ ಹೇಳದೆ ಕೂತರು. ಅಂತೂ ಕೆಂಪು ಅಂಕಿ ಒಂದು ತೋರಿಸಿತು, ಎಲೆ ಹಾಕಿದರು. ಉಂಡು ಬುಟ್ಟಿಯಿಂದ ಮೊಬೈಲ್ ತೆಗೆದರೆ ಮೂರು ಗಂಟೆ ದಾಟಿತ್ತು.

ಗುಟ್ಟು ಬಿಡಿಸಿದ್ದು ಮಾರನೇ ವಾರ ಬಂದ ಲೈನ್‌ಮನ್. “ಇದು ವೋಲ್ಟೇಜ್ ಇಳಿಸ್ತದೆ, ಅಷ್ಟೇ. ಅಲ್ಲಿ ಕರೆಂಟು ಸೆಕೆಂಡಿಗೆ 60 ಸಲ ಬಡ್ಕೊಳ್ತದೆ, ಇಲ್ಲಿ 50. ನಿಮ್ಮ ಗಡಿಯಾರ ಅದನ್ನೇ ಎಣಿಸ್ತಾ ಕೂತಿದೆ.” ಗಂಟೆಗೆ ಹತ್ತು ನಿಮಿಷ ಹಿಂದೆ! ಬೆಳಿಗ್ಗೆ ಆರಕ್ಕೆ ಸರಿಮಾಡಿದ್ದು ಮಧ್ಯಾಹ್ನ ಒಂದು ತೋರಿಸುವಾಗ ನಿಜಕ್ಕೂ ಎರಡೂವರೆಯ ಹತ್ತಿರ. ನಾನಾದರೆ ಎಸೆಯುತ್ತಿದ್ದೆ. ಭಾವ ಅದರ ಕೆಳಗೆ ಚೀಟಿ ಅಂಟಿಸಿದ: ಸರಿಮಾಡಿದ ಮೇಲೆ ಕಳೆದ ಹೊತ್ತನ್ನು ಆರರಿಂದ ಗುಣಿಸಿ ಐದರಿಂದ ಭಾಗಿಸುವುದು. ಮಳೆಗಾಲ ಬಂದ ಮೇಲೆ ಆ ಲೆಕ್ಕವೂ ಬೇಕಾಗಲಿಲ್ಲ. ಒಮ್ಮೆ ಕರೆಂಟು ಹೋಗಿ ಬಂದರೆ ಅದು ಹನ್ನೆರಡಕ್ಕೆ ನಿಂತು ಕಣ್ಣು ಮಿಟುಕಿಸುತ್ತದೆ. ಪಕ್ಕದಲ್ಲೇ 1035 ಮೆಗಾವಾಟಿನ ಶರಾವತಿ ವಿದ್ಯುದಾಗಾರ ಇಟ್ಟುಕೊಂಡ ನಮಗೆ ಕರೆಂಟು ಹೋಗುವುದು ಹೊಸದೇನಲ್ಲವಲ್ಲ.

ಊರಿಗೆ ಬಂದ ಹೊಸತರಲ್ಲಿ ಮಕ್ಕಳಿಗೆ ಸಿಗಂದೂರಿನ ಲಾಂಚ್ ತೋರಿಸುವುದೊಂದು ಅವನ ದೊಡ್ಡ ಆಸೆಯಾಗಿತ್ತು. ಬಸ್ಸು, ಜೀಪು, ಜನ ಎಲ್ಲ ಒಟ್ಟಿಗೆ ನೀರಿನ ಮೇಲೆ ತೇಲುವುದನ್ನು ಅಲ್ಲಿದ್ದಾಗಲೇ ಕಥೆಯಾಗಿ ಹೇಳಿದ್ದ. ಅವನು ಬರುವಷ್ಟರಲ್ಲಿ, 2025ರ ಜುಲೈ 14ರಂದು, ಅಂಬಾರಗೋಡ್ಲು–ಕಳಸವಳ್ಳಿ ನಡುವೆ ಎರಡು ಕಿಲೋಮೀಟರಿಗೂ ಉದ್ದದ ಸೇತುವೆ ಉದ್ಘಾಟನೆಯಾಗಿತ್ತು. ಕಾರು ನಾಲ್ಕೇ ನಿಮಿಷಕ್ಕೆ ಆಚೆ ದಡ ಸೇರಿದ್ದಕ್ಕೆ ಭಾವನ ಮುಖ ಸಣ್ಣದಾಯಿತು. ಚಾ ಅಂಗಡಿಯಲ್ಲಿ, “ಲಾಂಚಿನ ಮಜಾನೇ ಬೇರೆ ಇತ್ತು, ಉಳಿಸ್ಕೋಬೇಕಿತ್ತು” ಎಂದ. ಬೆಂಚಿನ ತುದಿಯಲ್ಲಿದ್ದ ತುಮರಿ ಕಡೆಯ ಮುದುಕ ಲೋಟ ಕೆಳಗಿಟ್ಟು ಕೇಳಿದ: “ಸಂಜೆ ಲಾಂಚ್ ನಿಂತ ಮೇಲೆ ಮನೇಲಿ ಹೆರಿಗೆ ನೋವು ಬಂದ್ರೆ ನಾವು ಏನ್ ಮಾಡ್ತಿದ್ವಿ, ಗೊತ್ತುಂಟಾ ಸ್ವಾಮಿ?”

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಹಿನ್ನೀರು ನಿಂತಾಗ ದಾರಿ ಕಳೆದುಕೊಂಡವರಲ್ಲಿ ಒಬ್ಬ ಅವನು. ಭಾವ ಮರುಮಾತಾಡಲಿಲ್ಲ. ಅಂದು ರಾತ್ರಿ ಮಕ್ಕಳಿಗೆ ಲಾಂಚಿನ ಕಥೆ ಬಿಟ್ಟು ಮುಳುಗಿದ ಊರುಗಳ ಕಥೆ ಹೇಳಿದನಂತೆ. ನಿಜ ಹೇಳಬೇಕೆಂದರೆ ಲಾಂಚ್ ಹೋದದ್ದಕ್ಕೆ ನನಗೂ ಒಳಗೊಳಗೇ ಬೇಜಾರಿತ್ತು. ನಾನು ಊರಲ್ಲೇ ಇದ್ದವನಾದ್ದರಿಂದ ಬಾಯಿ ಬಿಡದಷ್ಟು ಜಾಣ.

ಆ ಮಕ್ಕಳೂ ಅಷ್ಟೇ. ಬಂದ ಹೊಸತರಲ್ಲಿ ಕಾಲಿಗೆ ಉಂಬಳ ಹತ್ತಿದರೆ ಕೇರಿಗೆ ಕೇಳುವಂತೆ ಕೂಗುತ್ತಿದ್ದ ಹುಡುಗಿ ಈಗ ಸುಣ್ಣ ಮುಟ್ಟಿಸಿ ಕೊಡವಿಕೊಂಡು ನಡೆಯುತ್ತಾಳೆ. ಮೀಟರ್ ನೋಡಲು ಬಂದವನನ್ನೂ ಬಿಡದೆ, ಅಮೆರಿಕದ ರಾಗದಲ್ಲಿ “ಆಸ್ರಿಗೆ ಬೇಕಾ?” ಎಂದು ಕೇಳುತ್ತಾಳೆ. ನಮ್ಮ ಕೇರಿಯಲ್ಲಿ ಮಕ್ಕಳು ಜಗಳವಾಡುವ ಶಬ್ದ ಕೇಳುವುದು ಆ ಒಂದೇ ಮನೆಯಲ್ಲಿ. ಉಳಿದ ಮನೆಗಳ ಜಗಲಿಯಲ್ಲಿ ಸಿಸಿ ಕ್ಯಾಮೆರಾ ಇದೆ. ನಮ್ಮ ಮಗ ಬೆಂಗಳೂರಿನಲ್ಲಿ ಕೂತು ಅದರಲ್ಲಿ ನೋಡಿ, “ಅಪ್ಪ, ಅಡಿಕೆ ಒಣಗ್ಸಿದ್ದೆಯಲ, ಮೋಡ ಆಜು” ಎಂದು ಫೋನು ಮಾಡುತ್ತಾನೆ. ಒಳ್ಳೆಯ ಹುಡುಗನೇ.

ಈ ಮಳೆಗಾಲ ಕೊಳೆ ಔಷಧಿ ಹೊಡೆಯಲು ಕೊನೆಗೌಡ ಸಿಗಲಿಲ್ಲ. ಹಳೆಯ ಕಾಲದ ಹಾಗೆ ಕೊನೆಗೆ ಕೊಟ್ಟೆ ಕಟ್ಟೋಣ ಎಂದು ಮೊದಲು ಹಟ ಹಿಡಿದಿದ್ದ ಭಾವ, ಯಾರು ಮರ ಹತ್ತುತ್ತಾರೆ ಎಂದಾಗ ಸುಮ್ಮನಾಗಿ ಫೈಬರ್ ದೋಟಿ ತರಿಸಿದ. ಎರಡು ದಿನ ಅದರ ಜೊತೆ ಗುದ್ದಾಡಿ, ಮೂರನೇ ದಿನ ನೆಲದಲ್ಲೇ ನಿಂತು ಕೊನೆಗೆ ಗುರಿಯಿಟ್ಟು ಬೋರ್ಡೋ ಹೊಡೆಯತೊಡಗಿದ. ಚಡ್ಡಿ, ಹಾಳೆಟೋಪಿ, ಮೈಯೆಲ್ಲ ನೀಲಿ. ತನ್ನ ತೋಟ ಮುಗಿಸಿ ನನ್ನದಕ್ಕೂ ಬಂದ, ಕೂಲಿ ಮಾತೆತ್ತಲಿಲ್ಲ. ಎರಡನೇ ಸುತ್ತಿಗೆ ಕೇರಿಯವರಿಗೆಲ್ಲ ಮೊಬೈಲಿನಲ್ಲಿ ಏನೋ ಕ್ಯಾಲೆಂಡರ್ ಆಹ್ವಾನ ಕಳಿಸಿದ್ದಾನೆ. ನನಗೆ ಅದನ್ನು ತೆರೆಯಲು ಬರಲಿಲ್ಲ. ನನ್ನ ಪರವಾಗಿ ಒಪ್ಪಿಗೆ ಒತ್ತಿದ್ದು ಬೆಂಗಳೂರಿನ ಮಗ.