ಮಫ್ತಿ ಸಾಹೇಬರಿಗೆ ಬಿನ್ನವತ್ತಳೆ

ವೇದಿಕೆ ಮೇಲಿನ ಗಣ್ಯರೇ, ಮೈಸೂರಿನ ಹೂಟಗಳ್ಳಿಯ ಸೈಟು ಮಾಲೀಕರೇ, ಕಲ್ಯಾಣ ಮಂಟಪದ ಮ್ಯಾನೇಜರುಗಳೇ, ಬಡ್ಡಿ ವ್ಯವಹಾರದ ಸಹೋದರರೇ, ಮತ್ತು ಮೈಸೂರು ಪೇಟ ಬಿಗಿಯಾಯಿತೆಂದು ಆಗಲೇ ತೆಗೆದು ತೊಡೆಯ ಮೇಲಿಟ್ಟುಕೊಂಡಿರುವ ಇಂದಿನ ಸನ್ಮಾನಿತರಾದ ಮಫ್ತಿ ಸಾಹೇಬರೇ,

ಸಾಹೇಬರು ಯಾವ ಠಾಣೆಯವರು ಅಂತ ಆಮಂತ್ರಣದಲ್ಲಿ ಹಾಕಿಸಿಲ್ಲವಲ್ಲ ಎಂದು ಕೆಲವರು ಆಕ್ಷೇಪಿಸಿದರು. ಅವರು ಹೇಳಲಿಲ್ಲ, ನಾವು ಕೇಳಲಿಲ್ಲ. ನಮ್ಮ ನಂಟು ನಿಂತಿರುವುದೇ ಆ ಸೌಜನ್ಯದ ಮೇಲೆ.

ಅವರ ಸೇವೆ ಎಂಥದ್ದು ಅಂತ ಕಂಡವರಿಗೇ ಗೊತ್ತು. ಕೆಎಚ್‌ಬಿ ಕಾಲೊನಿಯ ಆಚೆ ಒಂದು ಮೂವತ್ತು ನಲವತ್ತರ ಸೈಟು, ಇಬ್ಬರ ಕೈಯಲ್ಲೂ ಕ್ರಯಪತ್ರ. ಒಬ್ಬರು ಕಾಂಪೌಂಡ್ ಹಾಕಿಸಲು ಹೊರಟರೆ ಇನ್ನೊಬ್ಬರು ಸ್ಟೇ ತರ್ತೀನಿ ಅಂತ ಕೂಗಾಡುತ್ತಿದ್ದರು. ಸಾಹೇಬರು ಬುಲೆಟ್ ನಿಲ್ಲಿಸಿ ಇಳಿದರು. ಮೇಲೆ ಗೀಟುಗೀಟಿನ ಟೀ ಶರ್ಟು, ಕೆಳಗೆ ಖಾಕಿ ಪ್ಯಾಂಟು, ಪಾಲಿಷ್ ಮಾಡಿದ ಕಂದು ಬೂಟು. ಬೈಯಲಿಲ್ಲ, ಕೈ ಎತ್ತಲಿಲ್ಲ. ಕಲ್ಲುಕಂಬಕ್ಕೆ ಒರಗಿ ಟೀ ಕುಡಿದರು, ಅಷ್ಟೇ. ಎದುರು ಪಾರ್ಟಿ ಒಂದು ಸಲ ಬೂಟಿನ ಕಡೆ ನೋಡಿ ಸ್ಕೂಟರ್ ಸ್ಟಾರ್ಟ್ ಮಾಡಿತು. ಸಂಜೆಗೆಲ್ಲ ಕಾಂಪೌಂಡ್ ಎದ್ದಿತ್ತು. ಸಿವಿಲ್ ಕೋರ್ಟಿಗೆ ವರ್ಷಗಟ್ಟಲೆ ಹಿಡಿಯುವ ಕೆಲಸ ಅರ್ಧ ಲೋಟ ಟೀಯಲ್ಲಿ ಮುಗಿಯಿತು. ಕೂಲಿ ಪಡೆದದ್ದು ಸಾಹೇಬರು. ದುಡಿದದ್ದು ಸರ್ಕಾರದ ಪ್ಯಾಂಟು.

ಡ್ಯೂಟಿ ಮುಗಿದ ಮೇಲೆ ಖಾಸಗಿಯವರ ಕೆಲಸ ತಪ್ಪಲ್ಲವೇ ಎಂದು ಕುಹಕಿಗಳು ಕೇಳುತ್ತಾರೆ. ಬ್ರಿಟಿಷರು 1861ರಲ್ಲಿ ಬರೆದ ಪೊಲೀಸ್ ಕಾಯ್ದೆ ನೋಡಿ. ಪೊಲೀಸನು ಸದಾ ಡ್ಯೂಟಿಯ ಮೇಲೇ ಇದ್ದಾನೆಂದು ತಿಳಿಯತಕ್ಕದ್ದು ಎನ್ನುತ್ತದೆ. ಅಂದಮೇಲೆ ಡ್ಯೂಟಿ ಮುಗಿಯುವುದಾದರೂ ಎಲ್ಲಿ? ಅದೇ ಕಾಯ್ದೆ ಲಿಖಿತ ಅನುಮತಿಯಿಲ್ಲದೆ ಬೇರೆ ಕೆಲಸ ಹಿಡಿಯಬಾರದು ಎಂದೂ ಹೇಳುತ್ತದೆ. ಖಾಸಗಿಯವರು ಕೇಳಿದರೆ ಅವರ ಖರ್ಚಿನಲ್ಲೇ ಹೆಚ್ಚುವರಿ ಪೊಲೀಸರನ್ನು ಕೊಡಬಹುದು ಎನ್ನುತ್ತದೆ. ಅಷ್ಟು ಹಳೇ ಪುಸ್ತಕದಲ್ಲೂ ಅರ್ಜಿ, ಅನುಮತಿ, ಹಣ ಎಲ್ಲಕ್ಕೂ ದಾರಿ ಇತ್ತು. ನಮ್ಮ ಸಾಹೇಬರು ಓದಲು ಪುರುಸೊತ್ತಿಲ್ಲದೆ ಮೂರನೆಯದನ್ನು ಮಾತ್ರ ಇಟ್ಟುಕೊಂಡರು.

ಪಕ್ಕದ ಹೆಬ್ಬಾಳದಲ್ಲಿ ಇನ್ಫೋಸಿಸ್‌ನವರು ಮಾಡಿಕೊಂಡಿರುವ ಅವಾಂತರ ನೋಡಿ. ಮುಂಬೈ ದಾಳಿಯ ನಂತರ, 2009ರಲ್ಲಿ, ಖಾಸಗಿ ಸಂಸ್ಥೆಗಳಿಗೂ ದುಡ್ಡು ಪಡೆದು ಸಿಐಎಸ್‌ಎಫ್ ಕಾವಲು ಕೊಡಬಹುದೆಂದು ಕಾಯ್ದೆ ತಿದ್ದಿದರು. ಅಲ್ಲಿ ಕಾವಲಿಗಿರುವವರು ಪೂರಾ ಸಮವಸ್ತ್ರದಲ್ಲೇ ನಿಲ್ಲುತ್ತಾರೆ, ಬಿಲ್ಲು ಕಂಪನಿಗೆ, ಹಣ ಸರ್ಕಾರಕ್ಕೆ. ಎಂಥ ಬರಡು ಸಂಬಂಧ! ಅಷ್ಟಿದ್ದೂ 2024ರ ಡಿಸೆಂಬರ್ 31ರಂದು ಒಳಗೆ ಚಿರತೆ ಓಡಾಡಿತು. ನಮ್ಮ ಸಾಹೇಬರಿದ್ದಿದ್ದರೆ ಚಿರತೆಯ ಜೊತೆಗೂ ಮಾತಾಡಿ ಸೆಟ್ಲ್ ಮಾಡುತ್ತಿದ್ದರು.

ಹಾಗಂತ ಸಾಹೇಬರ ಕಷ್ಟ ನಾವು ಅರಿಯದವರಲ್ಲ. 2016ರ ಜೂನ್ 4ರಂದು ರಾಜ್ಯದ ಪೊಲೀಸರು ಸಂಬಳ, ರಜೆಗಾಗಿ ಸಾಮೂಹಿಕ ರಜೆ ಹಾಕಲು ಹೊರಟಿದ್ದರು. ಔರಾದ್ಕರ್ ಸಮಿತಿ ಪೊಲೀಸರಿಗೆ ಶಿಫಾರಸು ಮಾಡಿದ ವೇತನ ಜಾರಿಯಾಗುವ ಹೊತ್ತಿಗೆ 2019 ಬಂದಿತ್ತು. ಮಕ್ಕಳ ಫೀಸು ಅಷ್ಟು ದಿನ ಕಾಯುವುದಿಲ್ಲ. ಇದನ್ನು ವ್ಯಂಗ್ಯವಾಗಿ ಹೇಳುತ್ತಿಲ್ಲ. ಹೆಚ್ಚುವರಿ ದುಡಿಮೆ ಬೇಕೆಂದರೆ ಕೊಡಲಿ, ಆದರೆ ರಸೀದಿ ಕೊಡಲಿ.

ಅಮೆರಿಕದ ನ್ಯೂ ಆರ್ಲಿಯನ್ಸ್‌ನಲ್ಲಿ ಪೊಲೀಸರ ಖಾಸಗಿ ಡ್ಯೂಟಿ ಇಡೀ ಇಲಾಖೆಯನ್ನೇ ಕೆಡಿಸಿದೆ ಎಂದು ಅಲ್ಲಿನ ನ್ಯಾಯ ಇಲಾಖೆ 2011ರಲ್ಲಿ ವರದಿ ಕೊಟ್ಟಿತು. ಆಮೇಲೆ ಯಾರು ಎಲ್ಲಿ ನಿಲ್ಲಬೇಕು, ಎಷ್ಟು ದುಡ್ಡು ಎಂಬುದನ್ನೆಲ್ಲ ಪೊಲೀಸರ ಕೈಯಿಂದ ತೆಗೆದು ನಗರಾಡಳಿತದ ಪ್ರತ್ಯೇಕ ಕಚೇರಿಗೆ ಒಪ್ಪಿಸಿದರು. ನಮ್ಮಲ್ಲಿ? ಬೆಂಗಳೂರಿನಲ್ಲಿ 2025ರ ನವೆಂಬರ್ 19ರಂದು ಎಟಿಎಂ ಹಣದ ವಾಹನದಿಂದ 7.11 ಕೋಟಿ ದೋಚಿದ ಪ್ರಕರಣದಲ್ಲಿ ಸೇವೆಯಲ್ಲಿದ್ದ ಕಾನ್‌ಸ್ಟೆಬಲ್ ಒಬ್ಬರೂ ಬಂಧನಕ್ಕೊಳಗಾದರು. ಛೆ, ನಮ್ಮ ಸಾಹೇಬರು ಆ ಪೈಕಿಯವರಲ್ಲ! ಆದರೆ ಅಲ್ಲ ಎಂದು ತೋರಿಸಲು ಅವರ ಬಳಿ ಒಂದು ಚೂರು ಕಾಗದವೂ ಇಲ್ಲವಲ್ಲ, ಅದೇ ನಮ್ಮ ಸಂಕಟ.

ಪೊಲೀಸರ ಮೇಲೆ ದೂರು ಕೊಡಲು ದೂರು ಪ್ರಾಧಿಕಾರ ಇದೆಯಲ್ಲ ಎನ್ನುತ್ತೀರಿ. ಪ್ರಕಾಶ್ ಸಿಂಗ್ ಪ್ರಕರಣದಲ್ಲಿ 2006ರಲ್ಲೇ ಸುಪ್ರೀಂ ಕೋರ್ಟ್ ಅದನ್ನು ರಚಿಸಿ ಎಂದು ಹೇಳಿತು. ಕರ್ನಾಟಕ 2012ರಲ್ಲಿ ತನ್ನ ಪೊಲೀಸ್ ಕಾಯ್ದೆ ತಿದ್ದಿ ರಾಜ್ಯಕ್ಕೊಂದು, ಜಿಲ್ಲೆಗೊಂದು ಎಂದು ಬರೆದುಕೊಂಡಿತು. ಈ ಸಭೆಯಲ್ಲಿ ಅದರ ವಿಳಾಸ ಗೊತ್ತಿರುವವರು ಕೈ ಎತ್ತಿ. ಪರವಾಗಿಲ್ಲ, ಕೂತ್ಕೊಳ್ಳಿ.

ಈಗ ನೆನಪಿನ ಕಾಣಿಕೆ. ಗಂಧದ ಹಾರ, ಶಾಲು ಎಲ್ಲ ಸಾಹೇಬರ ಮನೆಯಲ್ಲಿ ರಾಶಿ ಬಿದ್ದಿರುವುದರಿಂದ ಸಮಿತಿಯು ಉದ್ದನೆಯ ಕೆಂಪು ರಟ್ಟಿನ ಲೆಡ್ಜರ್ ತರಿಸಿದೆ. ಗೆರೆ ನಾವೇ ಎಳೆದಿದ್ದೇವೆ: ತಾರೀಕು, ಕರೆದವರು ಯಾರು, ಎಷ್ಟು ಹೊತ್ತು, ಎಷ್ಟು ಹಣ, ಅನುಮತಿ ಕೊಟ್ಟ ಅಧಿಕಾರಿ. ಠಾಣೆಯ ಒಳಗಲ್ಲ, ಬಾಗಿಲ ಬಳಿಯ ಬೆಂಚಿನ ಮೇಲಿಡಿ. ದೂರು ಕೊಡಲು ಬಂದವರು ಕಾಯುವಾಗ ಓದಿಕೊಳ್ಳಲಿ.

ಸಭಿಕರಲ್ಲಿ ಒಂದು ವಿನಂತಿ. ಇದೇ ಐದು ವಿವರ ಕೇಳಿ ಮೈಸೂರು ನಗರ ಪೊಲೀಸ್ ಕಮಿಷನರ್ ಕಚೇರಿಗೆ ಮಾಹಿತಿ ಹಕ್ಕಿನ ಅರ್ಜಿ ಬರೆದಿಟ್ಟಿದ್ದೇವೆ. ಪ್ರತಿಗಳು ಊಟದ ಕೂಪನ್ ಕೊಡುವ ಮೇಜಿನ ಮೇಲಿವೆ. ಶುಲ್ಕ 10 ರೂಪಾಯಿ. ಸಹಿ ಹಾಕಿಯೇ ಎಲೆಯ ಮುಂದೆ ಕೂರಿ.