ಸೆಪ್ಟೆಂಬರ್ ಸೋಲಿನ ಮೀಮಾಂಸೆ: ಒಂದು ತಾತ್ತ್ವಿಕ ಅನುಸಂಧಾನ

ಸೋಲೆಂಬುದು ಕೇವಲ ಸೋಲಲ್ಲ. ಅದೊಂದು ಬಹುಸ್ತರೀಯ ಸಂಕಥನ. 2011ರ ಸೆಪ್ಟೆಂಬರ್ 28ರ ರಾತ್ರಿ ಕ್ಯಾಮ್ಡನ್ ಯಾರ್ಡ್ಸ್ ಮೈದಾನದಲ್ಲಿ ಬಾಸ್ಟನ್ ರೆಡ್ ಸಾಕ್ಸ್ ತಂಡವು ಬಾಲ್ಟಿಮೋರ್ ಓರಿಯೋಲ್ಸ್‌ಗೆ 4-3ರಿಂದ ಶರಣಾದ ವಿದ್ಯಮಾನವನ್ನು ಬೇಸ್‌ಬಾಲ್ ಅಭಿಮಾನಿಯ ಪಿತ್ತಕೋಶದ ಪರಿಪ್ರೇಕ್ಷ್ಯದಲ್ಲಿ ಪರಾಮರ್ಶಿಸುವುದು ಪ್ರಸ್ತುತ ಪ್ರಬಂಧದ ಘನ ಉದ್ದೇಶ. ಪರಾಜಿತ ಅಭಿಮಾನಿಗೆ ಪಂಚಾವಸ್ಥೆಗಳುಂಟು.

ಪ್ರಥಮಾವಸ್ಥೆ, ಗಣಿತಮೋಹ. ಸೆಪ್ಟೆಂಬರ್ 3ರಂದು ಪ್ಲೇಆಫ್‌ನ ಕೊನೆಯ ಸ್ಥಾನಕ್ಕಾಗಿನ ವೈಲ್ಡ್ ಕಾರ್ಡ್ ಪೈಪೋಟಿಯಲ್ಲಿ ರೆಡ್ ಸಾಕ್ಸ್ ತಂಡ ಟ್ಯಾಂಪಾ ಬೇ ರೇಸ್‌ಗಿಂತ 9 ಪಂದ್ಯ ಮುಂದಿತ್ತು. ಪ್ಲೇಆಫ್ ಪ್ರವೇಶದ ಸಂಭವನೀಯತೆ ಶೇ. 99ಕ್ಕೂ ಮಿಗಿಲೆಂದು ಸಂಖ್ಯಾಪಂಡಿತರು ದಶಮಾಂಶ ಸಮೇತ ಅಪ್ಪಣೆ ಕೊಡಿಸಿದ್ದರು. ತಂಡ ಆ ತಿಂಗಳು ಗೆದ್ದದ್ದು 7, ಸೋತದ್ದು 20. ಪ್ರಮೇಯದಲ್ಲಿ ದೋಷವಿರಲಿಲ್ಲ, ಆಡಿದವರಲ್ಲಿತ್ತು. 162 ಪಂದ್ಯಗಳ ಋತುವಿನ ಕಟ್ಟಕಡೆಯ ದಿನ ಬೆಳಗಾದಾಗ ಎರಡೂ ತಂಡಗಳು ಸಮಸಮ.

ದ್ವಿತೀಯಾವಸ್ಥೆ, ವರ್ಷಾಯೋಗ. ಏಳನೇ ಇನ್ನಿಂಗ್ಸ್‌ನಲ್ಲಿ ರೆಡ್ ಸಾಕ್ಸ್ 3-2ರ ಮುನ್ನಡೆಯಲ್ಲಿದ್ದಾಗ ಮಳೆ ಸುರಿದು ಆಟ 86 ನಿಮಿಷ ನಿಂತಿತು. 1918ರಿಂದ 2004ರವರೆಗೆ ಈ ತಂಡ ವಿಶ್ವ ಸರಣಿ ಗೆಲ್ಲದೆ ಕಳೆದದ್ದೂ 86 ವರ್ಷ. ಈ ಸಂಖ್ಯಾಸಾಮ್ಯದ ಬಗ್ಗೆ ಭಾಷ್ಯಕಾರರಲ್ಲಿ ಭಿನ್ನಮತವಿರಬಹುದು. ಪ್ರಬಂಧಕಾರನಿಗಿರುವುದು ಹೊಟ್ಟೆಯುರಿ ಮಾತ್ರ. ಮಳೆ ಶುರುವಾದಾಗ ಅತ್ತ ಫ್ಲಾರಿಡಾದಲ್ಲಿ ಯಾಂಕೀಸ್ ತಂಡ ರೇಸ್ ವಿರುದ್ಧ 7-0 ಮುಂದಿತ್ತು. ಬಾಸ್ಟನ್ನಿನವರು ಹುಟ್ಟಿದಾಗಿನಿಂದ ಶಪಿಸುತ್ತ ಬಂದ ಯಾಂಕೀಸ್ ಅಂದು ಅವರ ಪಾಲಿನ ಕುಲದೈವ.

ತೃತೀಯಾವಸ್ಥೆಗೆ ಶಾಸ್ತ್ರಕಾರರು ಹೆಸರಿಟ್ಟಿಲ್ಲ. ಒಂಬತ್ತನೇ ಇನ್ನಿಂಗ್ಸ್, ಇಬ್ಬರು ಔಟ್, ಬೇಸ್‌ಗಳು ಖಾಲಿ. ಎಂಟು ಇನ್ನಿಂಗ್ಸ್ ಮುಗಿದಾಗ ಮುಂದಿದ್ದ 77 ಪಂದ್ಯಗಳನ್ನೂ ರೆಡ್ ಸಾಕ್ಸ್ ಆ ವರ್ಷ ಗೆದ್ದಿತ್ತು. ರೆಡ್ ಸಾಕ್ಸ್ ಪಿಚ್ಚರ್ ಜೊನಾಥನ್ ಪೇಪಲ್‌ಬಾನ್. ಓರಿಯೋಲ್ಸ್‌ನ ಕ್ರಿಸ್ ಡೇವಿಸ್ ಡಬಲ್ ಹೊಡೆದ. ಇನ್ನೊಂದೇ ಸ್ಟ್ರೈಕ್ ಬಾಕಿಯಿದ್ದಾಗ ನೋಲನ್ ರೀಮೋಲ್ಡ್‌ನ ಡಬಲ್, ಸ್ಕೋರ್ ಸಮ. ಆಮೇಲೆ ರಾಬರ್ಟ್ ಆಂಡಿನೊ ಎಡಕ್ಕೆ ಬಾರಿಸಿದ ಚೆಂಡಿಗೆ ಕಾರ್ಲ್ ಕ್ರಾಫರ್ಡ್ ಜಾರಿ ಬಿದ್ದು ಕೈಯೊಡ್ಡಿದರೂ ಅದು ಗ್ಲೋವ್‌ನಲ್ಲಿ ನಿಲ್ಲಲಿಲ್ಲ. ಈ ಕ್ರಾಫರ್ಡ್‌ನನ್ನು 7 ವರ್ಷಕ್ಕೆ 14.2 ಕೋಟಿ ಡಾಲರ್ ಕೊಟ್ಟು ಕರೆತಂದದ್ದು. ಎಲ್ಲಿಂದ? ಟ್ಯಾಂಪಾ ಬೇಯಿಂದ! ಕೆಲವೇ ನಿಮಿಷಗಳಲ್ಲಿ ಅದೇ ಟ್ಯಾಂಪಾ ಬೇಯ ಎವಾನ್ ಲಾಂಗೋರಿಯಾ 12ನೇ ಇನ್ನಿಂಗ್ಸ್‌ನಲ್ಲಿ ಹೋಮ್ ರನ್ ಹೊಡೆದ. ರೇಸ್ 8, ಯಾಂಕೀಸ್ 7.

ಚತುರ್ಥ, ಪಂಚಮ ಅವಸ್ಥೆಗಳು ಹಾಳಾಗಿ ಹೋಗಲಿ.

ಸೋಲು ನುಂಗಬಹುದು, ವಿವರಣೆ ನುಂಗಲಾಗದು. ಅಂಕಿಅಂಶ ಪಂಡಿತ ನೇಟ್ ಸಿಲ್ವರ್ ನಾಲ್ಕು ಅಪರೂಪಗಳನ್ನು ಗುಣಿಸಿ, ಹೀಗಾಗುವ ಸಾಧ್ಯತೆ ಸುಮಾರು 27.8 ಕೋಟಿಯಲ್ಲಿ ಒಂದು ಎಂದ. ಅವು ಪರಸ್ಪರ ಪೂರ್ತಿ ಸ್ವತಂತ್ರವಲ್ಲ ಎಂದು ಸೇರಿಸುವಷ್ಟು ಪ್ರಾಮಾಣಿಕತೆಯಾದರೂ ಅವನಿಗಿತ್ತು. ಸೋತವನ ಕೈಗೆ ಇಷ್ಟು ಸೊನ್ನೆ ಕೊಟ್ಟು ಕಳಿಸಿದರೆ ಅವನು ಅದನ್ನು ಏನು ಮಾಡಬೇಕು?

ಅಂಕಿಗಳಾದ ಮೇಲೆ ಬಂತು ನೀತಿಶಾಸ್ತ್ರ. ಆಟ ನಡೆಯುವಾಗ ಕೆಲ ಪಿಚ್ಚರ್‌ಗಳು ಕ್ಲಬ್‌ಹೌಸ್‌ನಲ್ಲಿ ಕುಳಿತು ಬಿಯರ್ ಕುಡಿದು ಕರಿದ ಚಿಕನ್ ತಿನ್ನುತ್ತಿದ್ದರೆಂದು ಅಕ್ಟೋಬರ್‌ನಲ್ಲಿ ಪತ್ರಿಕೆಯೊಂದು ಬರೆದದ್ದೇ ತಡ, ನಾಡಿಗೆ ನಾಡೇ ಕೋಳಿಯ ಮೂಳೆಯಲ್ಲಿ ಮೂಲಕಾರಣ ಹುಡುಕಿತು. ಅಷ್ಟರೊಳಗೆ ಮ್ಯಾನೇಜರ್ ಟೆರಿ ಫ್ರಾಂಕೋನಾ ಹೊರನಡೆದಾಗಿತ್ತು. 86 ವರ್ಷಗಳ ಬರ ಮುಗಿಸಿ, 2007ರಲ್ಲಿ ಮತ್ತೊಮ್ಮೆ ಗೆಲ್ಲಿಸಿದವನು. ಅಂಥವನ ದಾಂಪತ್ಯ, ಅವನು ನುಂಗುವ ನೋವಿನ ಮಾತ್ರೆ, ಎಲ್ಲವನ್ನೂ ಹೆಸರು ಹೇಳದವರ ಬಾಯಿಂದ ಹೊರಗೆಳೆದು ಪೇಪರಿನಲ್ಲಿ ಹರವಿದರು. ಇದು ವಿಶ್ಲೇಷಣೆಯೇ? ಹೇಡಿತನ. ಎಂಟು ವರ್ಷ ದುಡಿದವನನ್ನು ಬಾಗಿಲವರೆಗೆ ಬಿಟ್ಟುಬರುವ ರೀತಿ ಇದಲ್ಲ.

2012ರಲ್ಲಿ ಪ್ರತಿ ಲೀಗ್‌ಗೂ ಎರಡನೇ ವೈಲ್ಡ್ ಕಾರ್ಡ್ ಬಂತು, ಕೋಟೆ ಕೊಳ್ಳೆಹೊಡೆದ ಮೇಲೆ ದಿಡ್ಡಿಬಾಗಿಲು ಹಾಕಿದಂತೆ. ಒಂದು ವರ್ಷ ಮೊದಲೇ ಬಂದಿದ್ದರೆ 90 ಪಂದ್ಯ ಗೆದ್ದ ರೆಡ್ ಸಾಕ್ಸ್ ಒಳಗಿರುತ್ತಿತ್ತು.

ಇನ್ನು ಕೋಳಿವಾದ. 2013ರಲ್ಲಿ ರೆಡ್ ಸಾಕ್ಸ್ ವಿಶ್ವ ಸರಣಿ ಗೆದ್ದಿತು. ಎರಡು ಪಂದ್ಯ ಗೆದ್ದುಕೊಟ್ಟ ಪಿಚ್ಚರ್ ಜಾನ್ ಲೆಸ್ಟರ್, ಕೊನೆಯದನ್ನು ಗೆದ್ದುಕೊಟ್ಟವನು ಜಾನ್ ಲ್ಯಾಕಿ. ಚಿಕನ್ ವರದಿಯಲ್ಲಿ ಇಬ್ಬರ ಹೆಸರೂ ಇತ್ತು. ಅದೇ ವರ್ಷ ಕ್ಲೀವ್‌ಲ್ಯಾಂಡ್ ತಂಡವನ್ನು ವೈಲ್ಡ್ ಕಾರ್ಡ್‌ಗೆ ಒಯ್ದ ಫ್ರಾಂಕೋನಾ ಅಮೆರಿಕನ್ ಲೀಗ್‌ನ ವರ್ಷದ ಮ್ಯಾನೇಜರ್ ಆದ.