ಮೆಳ್ಳೆಗಣ್ಣಿನ ಕೋವಿ

ಪೆನ್ಸಿಲ್ವೇನಿಯಾದ ಮಗಳ ಮನೆಗೆ ಬಂದು ಎರಡು ತಿಂಗಳಾಗಿತ್ತು. ನೋಡಬೇಕಾದ್ದನ್ನೆಲ್ಲ ನೋಡಿ ಮುಗಿಸಿ, ಪಾತ್ರೆ ತೊಳೆಯುವ ಮೆಷಿನ್ನಿನಲ್ಲಿ ತಟ್ಟೆ ಜೋಡಿಸುವ ಕ್ರಮದ ಬಗ್ಗೆ ಅಳಿಯನಿಗೂ ನನಗೂ ಭಿನ್ನಾಭಿಪ್ರಾಯ ಶುರುವಾಗಿತ್ತು. ಅಷ್ಟರಲ್ಲಿ ದೇವರೇ ಕಳಿಸಿದಂತೆ ಪಕ್ಕದ ಮನೆಯ ಹಿರಿಯರು ಬೇಲಿಯಾಚೆಯಿಂದ ಕೂಗಿದರು. ಯಾರೋ ಬಳಸಿದ ಒಂದು ಕೋವಿ ಕೊಂಡಿದ್ದಾರಂತೆ, ಬಂದು ನೋಡಬೇಕಂತೆ. ನಾನು ಕೊಡಗಿನ ಕಡೆಯವನೆಂದು ಹಿಂದೆ ಬಾಯಿ ತಪ್ಪಿ ಹೇಳಿದ್ದರ ಫಲ. "ನೋಡಿ ಬನ್ನಿ ಅಪ್ಪಾ, ಮುಟ್ಟಬೇಡಿ," ಎಂದಳು ಮಗಳು.

ಪೆನ್ಸಿಲ್ವೇನಿಯಾದಲ್ಲಿ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಮುಗಿಯುತ್ತಲೇ ಕೋವಿಯ ಜಿಂಕೆ ಶಿಕಾರಿ. ದಶಕಗಳ ಕಾಲ ಹಬ್ಬದ ನಂತರದ ಸೋಮವಾರ ಶುರುವಾಗುತ್ತಿದ್ದದ್ದು 2019ರಿಂದ ಶನಿವಾರಕ್ಕೆ ಬಂದಿದೆ. ಆದರೂ ಸೋಮವಾರ ರಜೆ ಕೊಡುವ ಶಾಲೆಗಳು ಇನ್ನೂ ಇವೆ. ನಮ್ಮಲ್ಲಿ ಮಳೆಗೆ ರಜೆ, ಅಲ್ಲಿ ಜಿಂಕೆಗೆ.

ಕೋವಿಯೇನೋ ಚೆಂದವಿತ್ತು. ಟ್ರಿಗರ್ ಸುತ್ತಿನ ಬಳೆಯಂಥ ಲಿವರನ್ನು ಕೆಳಕ್ಕೆಳೆದು ಮೇಲಕ್ಕೊತ್ತಿದರೆ ಖಾಲಿ ತೋಟೆ ಹೊರಗೆ, ಹೊಸದು ಒಳಗೆ. ಕೌಬಾಯ್ ಸಿನಿಮಾ ನೋಡಿದವರಿಗೆಲ್ಲ ಆ 'ಚಕ್-ಚಕ್' ಗೊತ್ತು. ಈ ಜಾತಿಯಲ್ಲಿ ಮನೆಮಾತಾದದ್ದು ಜಾನ್ ಬ್ರೌನಿಂಗ್ ರೂಪಿಸಿದ ವಿಂಚೆಸ್ಟರ್ 1894. ಅದರ ಥರ್ಟಿ-ಥರ್ಟಿ ತೋಟೆ 1895ರದ್ದು. ಇವರ ಕೋವಿ ಯಾವ ಕಂಪನಿಯದೆಂದು ಹೇಳಲಾರೆ. ಹಳೇ ಗಾಯವೊಂದು ಅದರ ಮೈಮೇಲಿತ್ತು, ಸುಮ್ಮನೆ ಯಾರದೋ ಹೆಸರಿಗೇಕೆ ಮಸಿ?

ದೂರು ಇಷ್ಟೆ. ಐವತ್ತು ಗಜದಲ್ಲಿ ಕಾಗದಕ್ಕೆ ಹೊಡೆದರೆ ಈಡು ನಾಲ್ಕು ಬೆರಳು ಬಲಕ್ಕೆ ಬೀಳುತ್ತದೆ. "ನನ್ನ ಕಣ್ಣೇ ಇರಬಹುದು," ಎಂದು ಸಾಹೇಬರು ಕನ್ನಡಕ ತೆಗೆದು ಒರೆಸಿದರು. ಎಪ್ಪತ್ತು ದಾಟಿದವರಿಗೆ ಇದು ನ್ಯಾಯವಾದ ಅನುಮಾನವೇ. ಹಿಂದಿನ ಸೈಟು, ಮುಂದಿನ ಸೈಟು, ಅದರಾಚೆ ಗುರಿ, ಮೂರನ್ನೂ ಒಟ್ಟಿಗೆ ನಿಚ್ಚಳವಾಗಿ ನೋಡಬಲ್ಲ ಕಣ್ಣನ್ನು ಬ್ರಹ್ಮ ಯಾರಿಗೂ ಕೊಟ್ಟಿಲ್ಲ. ನಲವತ್ತೈದರ ನಂತರ ಹಿಂದಿನದು ಮಂಜು. ಮುಂದಿನದನ್ನು ಗಟ್ಟಿಯಾಗಿ ಹಿಡಿದು, ಉಳಿದೆರಡನ್ನು ನಂಬಿಕೆಯ ಮೇಲೆ ಬಿಡಬೇಕು.

ಆದರೆ ಅವರು ಮರಳಿನ ಚೀಲದ ಮೇಲೆ ಕೋವಿಯನ್ನಿಟ್ಟು ಹೊಡೆದಿದ್ದರು. ಹರೆಯದ ಮೊಮ್ಮಗನ ಕೈಲೂ ಹೊಡೆಸಿದ್ದರು. ಇಬ್ಬರವೂ ಬಲಕ್ಕೇ, ಅದೂ ಒಂದೇ ಮುಷ್ಟಿಯೊಳಗೆ. ಈಡುಗಳು ಚೆಲ್ಲಾಪಿಲ್ಲಿ ಬಿದ್ದಿದ್ದರೆ ಸಡಿಲ ಸ್ಕ್ರೂ ಹುಡುಕಬೇಕಿತ್ತು, ಇಲ್ಲವೇ ಸದ್ದಿಗೆ ಬೆಚ್ಚುವ ಭುಜವನ್ನು ಅನುಮಾನಿಸಬೇಕಿತ್ತು. ಒಂದೇ ಕಡೆ ಗುಂಪಾಗಿ ತಪ್ಪುತ್ತಿದೆ ಎಂದರೆ ನಳಿಗೆ ಒಳ್ಳೆಯದು, ಕಣ್ಣು ಮೆಳ್ಳೆ.

ಹತ್ತಿರದಿಂದ ನೋಡಿದೆ. ಹಿಂದಿನ ಸೈಟು, ಲಿವರ್ ಕೂರುವ ಉಕ್ಕಿನ ಪೆಟ್ಟಿಗೆಯ ಮೇಲೆ, ತನ್ನ ಕಚ್ಚಿನಲ್ಲಿ ಎಡಕ್ಕೆ ಜರುಗಿ ಕೂತಿತ್ತು. ಪಕ್ಕದಲ್ಲಿ ಉಕ್ಕಿನ ಮೊಳೆಯಿಂದ ಬಡಿದ ನಾಲ್ಕು ತಗ್ಗು. ಹಿತ್ತಾಳೆ ಕಡ್ಡಿಯಿಂದ ಬಡಿಯುವಷ್ಟು ತಾಳ್ಮೆ ಹಳೇ ಮಾಲೀಕನಿಗೆ ಇರಲಿಲ್ಲ. ಈಡು ಎತ್ತ ಹೋಗಬೇಕೋ ಹಿಂದಿನ ಸೈಟನ್ನು ಅತ್ತಲೇ ಸರಿಸಬೇಕು, ಮುಂದಿನದನ್ನು ತದ್ವಿರುದ್ಧ. ಎತ್ತು ಏರಿಗೆ, ಕೋಣ ನೀರಿಗೆ. ಎರಡರ ನಡುವಿನ ದೂರ ನಲವತ್ತು ಸೆಂಟಿಮೀಟರಿದ್ದರೆ, ಒಂದು ಮಿಲಿಮೀಟರ್ ಜರುಗಿದರೂ ನೂರು ಗಜದಲ್ಲಿ ಸರಿಯಾಗಿ ಒಂದು ಗೇಣು ತಪ್ಪುತ್ತದೆ. ಅಂದರೆ ಪುಣ್ಯಾತ್ಮ ಎಡಕ್ಕೆ ಬಡಿದೂ ಬಡಿದೂ, ಕಚ್ಚಿನ ಅಂಚು ಬಂದಾಗ ಕೈಚೆಲ್ಲಿ ಮಾರಿದ್ದ.

ನಮ್ಮೂರಲ್ಲಿ ಈ ತಾಪತ್ರಯವಿರಲಿಲ್ಲ. ತೋಟದ ಕೋವಿಯ ಮೂತಿಗೊಂದು ಮಣಿ, ಮುಗಿಯಿತು. ಕೊಡವರ ಆಯುಧಪೂಜೆ ಕೈಲ್ ಪೊದ್ದಿನ ದಿನ ಗೆಳೆಯನ ಮನೆತನದ ಐನ್‌ಮನೆಯಲ್ಲಿ ಕೋವಿಗಳಿಗೆ ತೋಕ್ ಪೂ ಎಂಬ ಹೂ ಮುಡಿಸಿ, ಪೂಜೆಯಾದ ಮೇಲೆ ತೆಂಗಿನಕಾಯಿಗೆ ಗುರಿ. ನಾನು ಹೊಡೆದೆ. ಕಾಯಿ ಅಲುಗಲಿಲ್ಲ, ಪಕ್ಕದ ಗರಿಯೊಂದು ಉದುರಿತು. ಗೆಳೆಯನ ಅಜ್ಜ ನನ್ನ ಬೆನ್ನು ತಟ್ಟಿ, "ಗರಿಗೇ ತಾನೇ ಇಟ್ಟಿದ್ದು?" ಎಂದರು. ಹೌದೆಂದೆ.

ಆ ಅನುಭವದ ಬಲದ ಮೇಲೆ ಸಾಹೇಬರಿಗೆ ಹೇಳಿದೆ: ಗಾರೆಯವರು ಗೋಡೆ ನೋಡುವಂತೆ ತೂಕದ ಗುಂಡು ಇಳಿಬಿಟ್ಟು ನೋಡೋಣ. ಲಿವರ್ ತೆರೆದು, ತೋಟೆ ಕೂರುವ ಗೂಡಿಗೆ ಕಿರುಬೆರಳು ಹಾಕಿ, ತೋಟೆ ತುಂಬುವ ಕೊಳವೆಯೂ ಖಾಲಿಯೆಂದು ಎರಡೆರಡು ಸಲ ತೋರಿಸಿ, ಬಟ್ಟೆ ಸುತ್ತಿ ವೈಸಿಗೆ ಬಿಗಿದರು. ಪೆಟ್ಟಿಗೆಯ ಮಟ್ಟಸ ಕೆನ್ನೆಯನ್ನು ದಾರದ ನೇರಕ್ಕೆ ತಂದರು. ನಾನು ಮೂತಿಯ ಕಡೆಯಿಂದ, ಅವರು ಹಿಡಿಯ ಕಡೆಯಿಂದ ಬಗ್ಗಿ ನೋಡಿದೆವು. ಮುಂದಿನ ಸೈಟು ವಾಲಿತ್ತು. ಬಲಕ್ಕೆ ಎಂದೆ ನಾನು. ಎಡಕ್ಕೆ ಎಂದರು ಅವರು. ಹತ್ತು ನಿಮಿಷ ವಾದಿಸಿದ ಮೇಲೆ ಇಬ್ಬರೂ ಎದುರುಬದುರು ನಿಂತಿದ್ದೇವೆಂದು ಹೊಳೆಯಿತು.

ಹಿಂದೆಂದೋ ಯಾರೋ ನಳಿಗೆ ಬಿಚ್ಚಿ ಮತ್ತೆ ತಿರುಪುವಾಗ ಕೂದಲೆಳೆಯಷ್ಟು ತಪ್ಪಿಸಿ ನಿಲ್ಲಿಸಿದ್ದರು. ನಳಿಗೆಯ ಜೊತೆ ಅದರ ಮೇಲಿನ ಸೈಟೂ ವಾಲಿದೆ. ಅದು ಎಡಕ್ಕೆ ವಾಲಿದರೆ ಈಡು ಬಲಕ್ಕೆ. ಹಿಂದಿನದನ್ನು ಎಷ್ಟು ಬಡಿದರೂ ಅದು ನೆಗಡಿಗೆ ಮೂಗು ಒರೆಸಿದ ಹಾಗೆ. ಸಾಹೇಬರು ರಿಪೇರಿಯವನಲ್ಲಿಗೆ ಹೊರಟರು.

ವಾರದ ನಂತರ ಬೇಲಿಯಾಚೆ ಪೆಚ್ಚು ಮೋರೆ. ನಳಿಗೆ ನೆಟ್ಟಗಾಗಿದೆ, ಆದರೆ ಈಗ ಈಡು ಎಡಕ್ಕೆ ಹೋಗುತ್ತಿದೆ! ಹಳೇ ಮಾಲೀಕ ಸರಿಸಿಟ್ಟ ಹಿಂದಿನ ಸೈಟನ್ನು ಯಾರೂ ಮುಟ್ಟಿರಲಿಲ್ಲ. ನಾನು ನಗಲಿಲ್ಲ, ಅಜ್ಜನ ಋಣವಿತ್ತು. ಹಿತ್ತಾಳೆ ಕಡ್ಡಿ ಹಿಡಿದು ಅವರು ಟಕ್ ಟಕ್ ಎಂದು ಬಡಿಯುತ್ತ ಕೂತರು, ನಾನು ಎಡ-ಬಲ ಹೇಳುತ್ತ ನಿಂತೆ, ಈ ಸಲ ಇಬ್ಬರೂ ಒಂದೇ ಕಡೆ.

ದಾರ, ಗುಂಡನ್ನು ಜೇಬಿಗೆ ಹಾಕಿಕೊಂಡು ಮನೆಗೆ ಬಂದೆ. ಹಾಲಿನ ಗೋಡೆಯಲ್ಲಿ ಮಗಳ ಮದುವೆಯ ಫೋಟೋ. ಇಳಿಬಿಟ್ಟು ನೋಡಿದರೆ ಒಂದು ಬೆರಳು ವಾಲಿದೆ. ಮೊಳೆ ಹೊಡೆದದ್ದು ಅಳಿಯ. ಅವನು ಅಡುಗೆಮನೆಯಲ್ಲಿ ನಾನು ಜೋಡಿಸಿದ್ದ ತಟ್ಟೆಗಳನ್ನು ಒಂದೊಂದಾಗಿ ತೆಗೆದು ಮತ್ತೆ ಜೋಡಿಸುತ್ತಿದ್ದ. ದಾರವನ್ನು ಸುತ್ತಿ ಒಳಗಿಟ್ಟೆ.